‘ನ್ಯಾಷನಲ್ ವೆಲ್ವೆಟ್’: ಕುದುರೆ ಪಂದ್ಯದ ಹಾಲಿವುಡ್ ಚಿತ್ರವೊಂದರ ತೆರೆಮರೆಯ ಸಂಗತಿಗಳು

ಕುದುರೆ ಪಂದ್ಯವನ್ನು ಕಥಾವಸ್ತುವಾಗಿಸಿಕೊಂಡ ಹಾಲಿವುಡ್ ಚಿತ್ರಗಳು ಹಲವಾರಿವೆ. ಅವುಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ, ಎಂಟು ದಶಕಗಳ ನಂತರವೂ ತನ್ನ ಹೊಳಪನ್ನು ಉಳಿಸಿಕೊಂಡಿರುವ ಚಿತ್ರವೆಂದರೆ 1944ರಲ್ಲಿ ಎಂ.ಜಿ.ಎಂ. ಸಂಸ್ಥೆ ತಯಾರಿಸಿದ ‘ನ್ಯಾಷನಲ್ ವೆಲ್ವೆಟ್’. ಮುಂದೆ ಜಗತ್ಪ್ರಸಿದ್ಧ ತಾರೆಯಾದ ಎಲಿಜಬೆತ್ ಟೇಲರ್ ಅವರನ್ನು 12ನೆಯ ವಯಸ್ಸಿನಲ್ಲಿಯೇ ಮನೆಮಾತಾಗಿಸಿದ ಚಿತ್ರವಿದು.

ಈ ಚಿತ್ರದ ತಯಾರಿಕೆಯ ಸುತ್ತ ಹೆಣೆದುಕೊಂಡ ಸಂಗತಿಗಳನ್ನು ನಮ್ಮ ಓದುಗರಿಗಾಗಿ ಇಲ್ಲಿ ಒಂದೆಡೆ ಕಲೆಹಾಕಿದ್ದೇವೆ. ಇವುಗಳಲ್ಲಿ ಕೆಲವು ಕೇವಲ ಮೋಜಿನವು, ಇನ್ನು ಕೆಲವು ಸ್ಟುಡಿಯೋದ ಪ್ರಚಾರ ವಿಭಾಗ ಬಣ್ಣ ಹಚ್ಚಿದವು, ಮತ್ತೆ ಕೆಲವು ಮನಸ್ಸನ್ನು ಕಲಕುವಂಥವು. ಆದರೆ ಇವೆಲ್ಲವುಗಳ ನಡುವೆ ಒಂದು ಪ್ರಶ್ನೆ ಎಳೆಯಂತೆ ಹಾದುಹೋಗುತ್ತದೆ: ದೊಡ್ಡ ಪಂದ್ಯವೊಂದರಲ್ಲಿ ಹೆಣ್ಣುಮಗಳೊಬ್ಬಳು ಕುದುರೆ ಓಡಿಸಬಹುದೇ, ಗೆಲ್ಲಬಹುದೇ? ಈ ಪ್ರಶ್ನೆಗೆ ಚಿತ್ರ ಕೊಟ್ಟ ಉತ್ತರ ಒಂದು, ನಿಜ ಜಗತ್ತು ಕೊಟ್ಟ ಉತ್ತರ ಇನ್ನೊಂದು. ಈ ಎರಡು ಉತ್ತರಗಳ ನಡುವಿನ ಅಂತರ 77 ವರ್ಷ.

ಯಾವ ಪಂದ್ಯ ಇದು?

ಮುಂಬಯಿಯ ಮಹಾಲಕ್ಷ್ಮಿಯಲ್ಲಾಗಲಿ, ಪುಣೆ, ಬೆಂಗಳೂರು, ಮೈಸೂರುಗಳಲ್ಲಾಗಲಿ ನಮ್ಮವರು ಕಂಡಿರುವ ಕುದುರೆ ಪಂದ್ಯಗಳು ಸಮತಟ್ಟಾದ ಓಟದವು. ಚಿತ್ರದಲ್ಲಿ ಬರುವ ‘ಗ್ರ್ಯಾಂಡ್ ನ್ಯಾಷನಲ್’ ಆ ಬಗೆಯದಲ್ಲ. ಇದು ಬೇಲಿ, ಹಳ್ಳ, ನೀರಿನ ಗುಂಡಿಗಳನ್ನು ಹಾರುತ್ತ ಸಾಗಬೇಕಾದ ಸ್ಟೀಪಲ್‌ಚೇಸ್ ಓಟ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬಳಿ ಇರುವ ಏಂಟ್ರಿ ಎಂಬಲ್ಲಿ 1839ರಿಂದ ಈ ಹೆಸರಾಂತ ಪಂದ್ಯದ ಲೆಕ್ಕ ಆರಂಭವಾಗುತ್ತದೆ. ಚಿತ್ರ ತಯಾರಾದ ಕಾಲದಲ್ಲಿ ಇದರ ದೂರ 4 ಮೈಲಿಗೂ ಹೆಚ್ಚು, ಅಂದರೆ ಸುಮಾರು 7 ಕಿಲೋಮೀಟರ್. ದಾರಿಯುದ್ದಕ್ಕೂ 30 ಬಾರಿ ಹಾರಬೇಕು. 1839ರ ಓಟದಲ್ಲಿ ಕ್ಯಾಪ್ಟನ್ ಬೆಚರ್ ಎಂಬ ಸವಾರ ಕುದುರೆಯಿಂದ ಉರುಳಿ ಹಳ್ಳಕ್ಕೆ ಬಿದ್ದುದರಿಂದ ಆ ಬೇಲಿಗೆ ‘ಬೆಚರ್ಸ್ ಬ್ರೂಕ್’ ಎಂಬ ಹೆಸರೇ ನಿಂತಿತು.

ಎಷ್ಟು ಕಠಿಣವಾದ ಓಟ ಇದೆಂಬುದಕ್ಕೆ 1928ರ ಪಂದ್ಯವೇ ಸಾಕ್ಷಿ. ಆ ವರ್ಷ 42 ಕುದುರೆಗಳು ಹೊರಟು, ಕೊನೆಗೆ ಗುರಿ ಮುಟ್ಟಿದವು ಎರಡೇ ಎರಡು. ಗೆದ್ದದ್ದು ಯಾರೂ ಭರವಸೆ ಇಟ್ಟಿರದ, ಒಂದಕ್ಕೆ ನೂರರ ಬೆಲೆಯಿದ್ದ ಟಿಪ್ಪರರಿ ಟಿಮ್. ಹಳ್ಳಿಯ ಹುಡುಗಿಯೊಬ್ಬಳ ಕುದುರೆ ಗ್ರ್ಯಾಂಡ್ ನ್ಯಾಷನಲ್ ಗೆಲ್ಲುವ ಕಥೆಯನ್ನು ಓದುಗರು ನಂಬಿದ್ದರೆ ಅದಕ್ಕೆ ಇಂತಹ ನಿಜ ಘಟನೆಗಳೂ ಕಾರಣವಿದ್ದಿರಬಹುದು.

ಕಾದಂಬರಿ ಮತ್ತು ಅದರ ಲೇಖಕಿ

ಚಿತ್ರಕ್ಕೆ ಆಧಾರ 1935ರಲ್ಲಿ ಪ್ರಕಟವಾದ ಅದೇ ಹೆಸರಿನ ಕಾದಂಬರಿ. ಬರೆದವರು ಇಂಗ್ಲೆಂಡಿನ ಲೇಖಕಿ ಈನಿಡ್ ಬ್ಯಾಗ್ನಲ್ಡ್ (ಜನನ 1889). ಇವರ ಪತಿ ಸರ್ ರೋಡರಿಕ್ ಜೋನ್ಸ್ ಅವರು ರಾಯಿಟರ್ಸ್ ಸುದ್ದಿಸಂಸ್ಥೆಯ ಮುಖ್ಯಸ್ಥರಾಗಿದ್ದರು. ಸಸೆಕ್ಸ್ ಪ್ರಾಂತದ ಕಡಲತೀರದ ಹಳ್ಳಿ ರಾಟಿಂಗ್‌ಡೀನ್‌ನಲ್ಲಿ ಇವರ ಮನೆಯಿತ್ತು. ಕಾದಂಬರಿಗೆ ರೇಖಾಚಿತ್ರಗಳನ್ನು ಬರೆದುಕೊಟ್ಟವರು ಲೇಖಕಿಯ ಮಗಳು ಲಾರಿಯನ್. ಕುದುರೆಯ ಹುಚ್ಚು ಹಿಡಿದ ಹುಡುಗಿಯ ಕಥೆಗೆ ಮಗಳೇ ಚಿತ್ರ ಬರೆದದ್ದು ಆ ಪುಸ್ತಕದ ಒಂದು ಸೊಗಸು.

ಕಥೆ ಸರಳವಾದುದು. ಸಸೆಕ್ಸ್‌ನ ಹಳ್ಳಿಯೊಂದರ ಮಾಂಸದ ಅಂಗಡಿಯವನ ಮಗಳು ವೆಲ್ವೆಟ್ ಬ್ರೌನ್. ಯಾರ ಹಿಡಿತಕ್ಕೂ ಸಿಗದ ಕುದುರೆಯೊಂದು ಹಳ್ಳಿಯ ಲಾಟರಿಯಲ್ಲಿ ಅವಳ ಪಾಲಿಗೆ ಬರುತ್ತದೆ. ಚಿತ್ರದಲ್ಲಿ ಅದರ ಹೆಸರು ಪೈರೇಟ್, ಅಂದರೆ ಕಡಲುಗಳ್ಳ. ಮುದ್ದಿನಿಂದ ಕರೆಯುವುದು ‘ದಿ ಪೈ’ ಎಂದು. ಅಲೆಮಾರಿಯಾಗಿ ಬಂದು ಆ ಮನೆಯಲ್ಲಿ ಆಶ್ರಯ ಪಡೆದ ಮೈ ಟೇಲರ್ ಎಂಬ ತರುಣನ ನೆರವಿನಿಂದ ಅವಳು ಕುದುರೆಯನ್ನು ಗ್ರ್ಯಾಂಡ್ ನ್ಯಾಷನಲ್‌ಗೆ ಸಿದ್ಧಪಡಿಸುತ್ತಾಳೆ. ಗೊತ್ತುಮಾಡಿದ ಸವಾರನಿಗೆ ಕುದುರೆಯ ಮೇಲೆ ನಂಬಿಕೆಯಿಲ್ಲವೆಂದು ತಿಳಿದಾಗ ತಾನೇ ಕೂದಲು ಕತ್ತರಿಸಿಕೊಂಡು, ಗಂಡುಡುಗೆ ತೊಟ್ಟು ಓಡಿಸುತ್ತಾಳೆ. ಮೊದಲನೆಯವಳಾಗಿ ಗುರಿ ಮುಟ್ಟಿದ ಕ್ಷಣದಲ್ಲಿಯೇ ಬಳಲಿ ಕೆಳಗುರುಳುತ್ತಾಳೆ. ವೈದ್ಯರು ಪರೀಕ್ಷಿಸಿದಾಗ ಗುಟ್ಟು ಬಯಲಾಗುತ್ತದೆ. ನಿಗದಿತ ಸ್ಥಳ ತಲುಪುವ ಮೊದಲೇ ಸವಾರ ಕುದುರೆಯಿಂದ ಇಳಿದ ಕಾರಣ ಗೆಲುವು ರದ್ದಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಕಾದಂಬರಿಯ ವೆಲ್ವೆಟ್‌ಗೆ 14 ವರ್ಷ, ಚಿತ್ರದಲ್ಲಿ 12. ಕಾದಂಬರಿಯ ಕುದುರೆ ಕಪ್ಪು ಬಿಳುಪು ಮಚ್ಚೆಗಳದು. ಇಂಗ್ಲಿಷಿನಲ್ಲಿ ಅಂತಹ ಕುದುರೆಯನ್ನು ‘ಪೈಬಾಲ್ಡ್’ ಎನ್ನುತ್ತಾರೆ, ‘ಪೈ’ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಚಿತ್ರಕ್ಕೆ ಸಿಕ್ಕ ಕುದುರೆಯಾದರೋ ಕೆಂಗಂದು ಬಣ್ಣದ್ದು. ಹೀಗಾಗಿ ಹೆಸರನ್ನು ಉಳಿಸಿಕೊಳ್ಳಲು ‘ಪೈರೇಟ್’ ಎಂಬ ಹೊಸ ವಿವರಣೆಯನ್ನು ಹುಡುಕಬೇಕಾಯಿತು.

ಒಂಬತ್ತು ವರ್ಷಗಳ ಕಾಯುವಿಕೆ

ಪುಸ್ತಕ ಹೊರಬಂದ ವರ್ಷವೇ ಚಿತ್ರದ ಹಕ್ಕು ಪ್ಯಾರಾಮೌಂಟ್ ಸಂಸ್ಥೆಯ ಪಾಲಾಯಿತು. ನಂತರ ಅದು ಎಂ.ಜಿ.ಎಂ. ಕೈಸೇರಿತು. ಆದರೆ ವೆಲ್ವೆಟ್ ಪಾತ್ರಕ್ಕೆ ತಕ್ಕವರು ಸಿಗಲಿಲ್ಲ. ಕ್ಯಾಥರೀನ್ ಹೆಪ್‌ಬರ್ನ್ ಅವರ ಹೆಸರು ಕೇಳಿಬಂದಿತ್ತು. ಮುಂದೆ ‘ಲಾರಾ’ ಚಿತ್ರದಿಂದ ಖ್ಯಾತರಾದ ಜೀನ್ ಟಿಯರ್ನಿ ಅವರಿಗೂ ಈ ಪಾತ್ರ ಒದಗಿಬಂದಿತ್ತು. ಚಿತ್ರ ಮುಂದೂಡಲ್ಪಟ್ಟಾಗ ಅವರು ರಂಗಭೂಮಿಗೆ ಮರಳಿದರು. ಕುದುರೆ ಸವಾರಿ ಬಲ್ಲ, ಇಂಗ್ಲಿಷರ ಉಚ್ಚಾರಣೆಯಿರುವ, ನಟಿಸಬಲ್ಲ ಬಾಲಕಿ ಬೇಕಾಗಿದ್ದಳು. ಈ ಮೂರೂ ಒಬ್ಬಳಲ್ಲಿ ಕೂಡಿಬರುವುದು ಸುಲಭವಾಗಿರಲಿಲ್ಲ.

ಕೊನೆಗೆ ನಿರ್ಮಾಪಕ ಪ್ಯಾಂಡ್ರೊ ಬರ್ಮನ್ ಮತ್ತು ನಿರ್ದೇಶಕ ಕ್ಲಾರೆನ್ಸ್ ಬ್ರೌನ್ ಈ ಕೆಲಸಕ್ಕೆ ಇಳಿದರು. ಬ್ರೌನ್ ಅವರದು ವಿಶಿಷ್ಟ ಹಿನ್ನೆಲೆ. ಎಂಜಿನಿಯರಿಂಗ್ ಪದವೀಧರರಾದ ಅವರು ಮೋಟಾರು ಉದ್ಯಮದಲ್ಲಿ ದುಡಿದು ಅನಂತರ ಮೂಕಿ ಚಿತ್ರಗಳ ಕಾಲದಲ್ಲಿ ಸಿನಿಮಾಕ್ಕೆ ಬಂದವರು. ಗ್ರೆಟಾ ಗಾರ್ಬೊ ಅವರ ‘ಫ್ಲೆಶ್ ಅಂಡ್ ದಿ ಡೆವಿಲ್’ (1926), ‘ಆನಾ ಕ್ರಿಸ್ಟಿ’ (1930) ಮುಂತಾದ ಚಿತ್ರಗಳನ್ನು ನಿರ್ದೇಶಿಸಿದವರು. ಚಿತ್ರಕಥೆಯನ್ನು ಥಿಯೊಡೊರ್ ರೀವ್ಸ್ ಮತ್ತು ಹೆಲೆನ್ ಡಾಯ್ಚ್ ಬರೆದರು. ಸಂಗೀತ ಹರ್ಬರ್ಟ್ ಸ್ಟಾಥರ್ಟ್ ಅವರದು.

ವೆಲ್ವೆಟ್ ಸಿಕ್ಕಿದ್ದು ಹೇಗೆ?

ಎಲಿಜಬೆತ್ ಟೇಲರ್ ಹುಟ್ಟಿದ್ದು 1932ರ ಫೆಬ್ರವರಿ 27ರಂದು ಲಂಡನ್ನಿನಲ್ಲಿ, ಅಮೆರಿಕದ ದಂಪತಿಗಳ ಮಗಳಾಗಿ. ಇಂಗ್ಲೆಂಡಿನಲ್ಲಿದ್ದಾಗ ಚಿಕ್ಕಂದಿನಲ್ಲಿಯೇ ಕುದುರೆಮರಿಯ ಸವಾರಿ ಕಲಿತಿದ್ದರು. ಯುದ್ಧದ ಮೋಡ ಕವಿದಾಗ, 1939ರಲ್ಲಿ, ಕುಟುಂಬ ಅಮೆರಿಕಕ್ಕೆ ಮರಳಿತು. ‘ಲ್ಯಾಸಿ ಕಮ್ ಹೋಮ್’ (1943) ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ್ದ ಬಾಲಕಿಗೆ ಸವಾರಿಯೂ ಗೊತ್ತಿತ್ತು, ಇಂಗ್ಲೆಂಡಿನ ಮಾತಿನ ಧಾಟಿಯೂ ಗೊತ್ತಿತ್ತು. ಕೊರತೆ ಒಂದೇ: ಎತ್ತರ ಸಾಲದು.

ಈ ಎತ್ತರದ ಕಥೆ ಹಾಲಿವುಡ್ಡಿನ ಪ್ರಸಿದ್ಧ ದಂತಕಥೆಗಳಲ್ಲೊಂದು. ಬೆಳಗಿನ ಹೊತ್ತು ದಂಡಿಯಾಗಿ ತಿಂದು, ಬಿಡುವಿಲ್ಲದೆ ಸವಾರಿ ಮಾಡಿ, ಮೂರು ತಿಂಗಳಲ್ಲಿ ಮೂರು ಅಂಗುಲ ಬೆಳೆದು ಬಂದು ‘ಈಗ ಪಾತ್ರ ಕೊಡಿ’ ಎಂದು ನಿಂತರೆಂಬುದು ಆ ಕಥೆ. ಟೇಲರ್ ಅವರೂ ಇದನ್ನು ಹೇಳುತ್ತಿದ್ದರು, ಸ್ಟುಡಿಯೋದವರೂ ಮನಸಾರೆ ಹರಡಿದರು. ಅಂಗುಲದ ಲೆಕ್ಕದಲ್ಲಿ ಪ್ರಚಾರದ ಪಾಲು ಎಷ್ಟೇ ಇರಲಿ, ಆ ವಯಸ್ಸಿನ ಹೆಣ್ಣುಮಕ್ಕಳು ಥಟ್ಟನೆ ಬೆಳೆಯುವುದು ಸಹಜ ಎಂಬುದನ್ನು ಮಕ್ಕಳನ್ನು ಸಾಕಿದ ಯಾರಾದರೂ ಬಲ್ಲರು. ಪಾತ್ರಕ್ಕಾಗಿ ಬಾಲಕಿ ಹಂಬಲಿಸಿದ್ದಂತೂ ನಿಜ.

ಕಾದಂಬರಿಯ ವೆಲ್ವೆಟ್ ಹಲ್ಲು ನೇರವಾಗಲೆಂದು ಕ್ಲಿಪ್ ಹಾಕಿಕೊಂಡ ಹುಡುಗಿ. ಚಿತ್ರದಲ್ಲಿಯೂ ಅದನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಚೆಲುವೆಯೆಂದೇ ಹೆಸರಾಗಲಿದ್ದ ನಟಿ ತನ್ನ ಮೊದಲ ದೊಡ್ಡ ಪಾತ್ರದಲ್ಲಿ ಹಲ್ಲಿನ ಕ್ಲಿಪ್ಪನ್ನು ತೆಗೆದು ಹಾಕುತ್ತ ಮಾತನಾಡುವುದನ್ನು ನೋಡುವುದೇ ಒಂದು ಖುಷಿ.

ಕೂದಲಿನದು ಇನ್ನೊಂದು ಪ್ರಸಂಗ. ಪಂದ್ಯಕ್ಕೆ ಮುನ್ನ ವೆಲ್ವೆಟ್‌ಳ ಕೂದಲನ್ನು ಗಂಡುಹುಡುಗನಂತೆ ಕತ್ತರಿಸುವ ದೃಶ್ಯವಿದೆ. ನಿರ್ದೇಶಕರು ನಿಜವಾದ ಕೂದಲನ್ನೇ ಕತ್ತರಿಸಬೇಕೆಂದರು, ಬಾಲಕಿ ಒಪ್ಪಲಿಲ್ಲ. ಸ್ಟುಡಿಯೋದ ಕೇಶಾಲಂಕಾರ ಮುಖ್ಯಸ್ಥ ಸಿಡ್ನಿ ಗಿಲರಾಫ್ ಗುಟ್ಟಾಗಿ ಒಂದು ವಿಗ್ ಸಿದ್ಧಪಡಿಸಿದರು. ಕೂದಲು ಕತ್ತರಿಸಿದ್ದಾರೆಂದೇ ನಿರ್ದೇಶಕರು ನಂಬಿದರಂತೆ. ಗಂಡುಡುಗೆಯಲ್ಲಿ ಪಂದ್ಯದ ಅಧಿಕಾರಿಗಳ ಕಣ್ಣಿಗೆ ಮಣ್ಣೆರಚುವ ಹುಡುಗಿಯ ಕಥೆಯನ್ನು ಚಿತ್ರಿಸುತ್ತಿದ್ದ ನಿರ್ದೇಶಕರೇ ಹೀಗೆ ಏಮಾರಿದ್ದು ತಮಾಷೆಯ ಸಂಗತಿ.

ಕುದುರೆಯ ವಂಶಾವಳಿ

‘ಪೈ’ ಪಾತ್ರ ವಹಿಸಿದ ಕುದುರೆಯ ನಿಜ ಹೆಸರು ಕಿಂಗ್ ಚಾರ್ಲ್ಸ್. ಅದು ಸಾಮಾನ್ಯ ಕುದುರೆಯಲ್ಲ, ಅಮೆರಿಕದ ಪಂದ್ಯಗಳ ಇತಿಹಾಸದಲ್ಲಿ ದಂತಕಥೆಯಾದ ಮ್ಯಾನ್ ಓ ವಾರ್‌ನ ಮೊಮ್ಮಗ. ಮ್ಯಾನ್ ಓ ವಾರ್ 1919 ಮತ್ತು 1920ರಲ್ಲಿ ಓಡಿದ 21 ಪಂದ್ಯಗಳಲ್ಲಿ 20ನ್ನು ಗೆದ್ದ ಕುದುರೆ. ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ಜನಸಾಮಾನ್ಯರ ಕಣ್ಮಣಿಯಾಗಿದ್ದ ಸೀಬಿಸ್ಕಿಟ್ ಕೂಡ ಇದೇ ಮ್ಯಾನ್ ಓ ವಾರ್‌ನ ಮೊಮ್ಮಗನೇ.

ಇದೇ ವಂಶಕ್ಕೂ ನಿಜವಾದ ಗ್ರ್ಯಾಂಡ್ ನ್ಯಾಷನಲ್‌ಗೂ ನಂಟು ಇದೆಯೆಂಬುದನ್ನು ಇಲ್ಲಿ ಹೇಳಲೇಬೇಕು. ಮ್ಯಾನ್ ಓ ವಾರ್‌ನ ಮಗ ಬ್ಯಾಟಲ್‌ಶಿಪ್ 1938ರಲ್ಲಿ ಏಂಟ್ರಿಗೆ ಬಂದು ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. ಅಮೆರಿಕದಲ್ಲಿ ಹುಟ್ಟಿ ಅಮೆರಿಕದವರ ಒಡೆತನದಲ್ಲಿಯೇ ಇದ್ದು ಈ ಪಂದ್ಯ ಗೆದ್ದ ಮೊದಲ ಕುದುರೆ ಅದು. ಸವಾರ ಬ್ರೂಸ್ ಹಾಬ್ಸ್‌ಗೆ ಆಗ 17 ವರ್ಷ. ಒಡತಿ ಮೇರಿಯನ್ ಡ್ಯೂಪಾಂಟ್ ಸ್ಕಾಟ್, ಹಾಲಿವುಡ್ ನಟ ರ‍್ಯಾಂಡಾಲ್ಫ್ ಸ್ಕಾಟ್ ಅವರ ಪತ್ನಿ. ಹೀಗೆ ತೆರೆಯ ಮೇಲೆ ಮೊಮ್ಮಗ ಗೆಲ್ಲುವುದಕ್ಕೆ ಆರು ವರ್ಷ ಮೊದಲೇ ಮಗ ನಿಜವಾಗಿ ಗೆದ್ದಿದ್ದ.

ಕಿಂಗ್ ಚಾರ್ಲ್ಸ್ ಮತ್ತು ಬಾಲನಟಿಯ ನಡುವೆ ಬಿಡಿಸಲಾಗದ ಸ್ನೇಹ ಬೆಳೆಯಿತು. ಚಿತ್ರದ ಬಳಿಕ, 13ನೆಯ ಹುಟ್ಟುಹಬ್ಬಕ್ಕೆ ಸ್ಟುಡಿಯೋ ಆ ಕುದುರೆಯನ್ನು ಟೇಲರ್ ಅವರಿಗೇ ಉಡುಗೊರೆಯಾಗಿ ಕೊಟ್ಟಿತು. ಚಿತ್ರದ ಕೊನೆಯ ಭಾಗವನ್ನು ನೆನಪಿಸಿಕೊಂಡರೆ ಈ ಸಂಗತಿಗೆ ಇನ್ನಷ್ಟು ಅರ್ಥ ಬರುತ್ತದೆ. ಪಂದ್ಯದ ನಂತರ ಕುದುರೆಯನ್ನು ಕರೆದುಕೊಂಡು ಹಾಲಿವುಡ್ಡಿಗೆ ಬನ್ನಿ, ಕೈತುಂಬ ಹಣ ಕೊಡುತ್ತೇವೆ ಎಂಬ ಕರೆ ವೆಲ್ವೆಟ್‌ಗೆ ಬರುತ್ತದೆ. ಜನರೆಲ್ಲ ದಿಟ್ಟಿಸಿ ನೋಡುವುದು ತನ್ನ ಕುದುರೆಗೆ ಹಿಡಿಸದೆಂದು ಅವಳು ಆ ಕರೆಯನ್ನು ನಿರಾಕರಿಸುತ್ತಾಳೆ. ಹಾಲಿವುಡ್ಡನ್ನು ಬೇಡವೆನ್ನುವ ಹುಡುಗಿಯ ಚಿತ್ರವನ್ನು ಹಾಲಿವುಡ್ಡೇ ತಯಾರಿಸಿತು!

ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲೆಂಡ್

1944ರ ಆರಂಭದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಇಂಗ್ಲೆಂಡಿಗೆ ಹೋಗಿ ಚಿತ್ರೀಕರಿಸುವ ಮಾತೇ ಇರಲಿಲ್ಲ. ಹಾಗೆ ಹೋಗಿದ್ದರೂ ತೋರಿಸಲು ಪಂದ್ಯವಿರಲಿಲ್ಲ. ಯುದ್ಧದಿಂದಾಗಿ ಏಂಟ್ರಿಯ ಮೈದಾನ ಸರಕಾರದ ವಶವಾಗಿ, 1941ರಿಂದ 1945ರವರೆಗೆ ಐದು ವರ್ಷ ಗ್ರ್ಯಾಂಡ್ ನ್ಯಾಷನಲ್ ನಡೆಯಲೇ ಇಲ್ಲ. 1946ರಲ್ಲಿ ಮತ್ತೆ ಆರಂಭವಾಯಿತು. ಅಂದರೆ ಚಿತ್ರ ತೆರೆಕಂಡ ವರ್ಷ ಜಗತ್ತಿನಲ್ಲಿ ನಡೆದ ಒಂದೇ ಒಂದು ‘ಗ್ರ್ಯಾಂಡ್ ನ್ಯಾಷನಲ್’ ಎಂದರೆ ವೆಲ್ವೆಟ್ ಓಡಿಸಿದ್ದು!

ಇಂಗ್ಲೆಂಡಿನ ಹಳ್ಳಿ ಸ್ಟುಡಿಯೋದ ಅಂಗಳದಲ್ಲಿ ಎದ್ದು ನಿಂತಿತು. ಹಸಿರು ದಿಬ್ಬ, ಕಡಲತೀರದ ದೃಶ್ಯಗಳಿಗೆ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಒದಗಿತು. ಅಲ್ಲಿನ ಗಾಲ್ಫ್ ಮೈದಾನದ ಹುಲ್ಲುಹಾಸು ಸಸೆಕ್ಸ್‌ನ ಬಯಲಾಗಿ ಕಾಣಿಸಿಕೊಂಡಿತು. ಚಿತ್ರವನ್ನು ಗಮನವಿಟ್ಟು ನೋಡುವವರಿಗೆ ಇಂಗ್ಲೆಂಡಿನ ತೀರಕ್ಕೆ ಹೊಂದದ ಮರಗಳೂ ಬಂಡೆಗಳೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಛಾಯಾಗ್ರಾಹಕ ಲೆನರ್ಡ್ ಸ್ಮಿತ್ ಅವರು ಟೆಕ್ನಿಕಲರ್ ಬಣ್ಣದಲ್ಲಿ ಸೆರೆಹಿಡಿದ ದೃಶ್ಯಗಳ ಸೊಬಗಿನಲ್ಲಿ ಈ ಕೊರತೆ ಮರೆಯಾಗುತ್ತದೆ.

ಚಿತ್ರದ ಹೆಸರುಪಟ್ಟಿಯಲ್ಲಿ ಮೊದಲಿದ್ದುದು ಟೇಲರ್ ಅವರ ಹೆಸರಲ್ಲ, ಮೈ ಟೇಲರ್ ಪಾತ್ರ ವಹಿಸಿದ ಮಿಕಿ ರೂನಿ ಅವರದು. 1939ರಿಂದ 1941ರವರೆಗೆ ಅಮೆರಿಕದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಸೆಳೆದ ತಾರೆ ಅವರು. ಸೈನ್ಯದಿಂದ ಅವರಿಗೆ ಕರೆ ಬರಲಿದ್ದುದರಿಂದ ಅವರ ಭಾಗವನ್ನು ಮೊದಲೇ ಚಿತ್ರೀಕರಿಸಿ ಮುಗಿಸಲಾಯಿತು. 1944ರ ಜೂನ್‌ನಲ್ಲಿ ಅವರು ಸೈನ್ಯ ಸೇರಿ, ಯುದ್ಧರಂಗದ ಸೈನಿಕರಿಗೆ ಮನರಂಜನೆ ನೀಡುವ ತಂಡದಲ್ಲಿ ದುಡಿದರು. ಚಿತ್ರದಲ್ಲಿ ಅವರದು ಸಹಸವಾರನೊಬ್ಬನ ಸಾವಿಗೆ ತಾನೇ ಕಾರಣನೆಂಬ ಕೊರಗಿನಿಂದ ಕುದುರೆಯೇರಲು ಹೆದರುವ ಮಾಜಿ ಜಾಕಿಯ ಪಾತ್ರ. ಲವಲವಿಕೆಯ ಹುಡುಗಾಟಿಕೆಯ ಪಾತ್ರಗಳಿಗೇ ಹೆಸರಾಗಿದ್ದ ರೂನಿ ಇಲ್ಲಿ ತೋರಿದ ಸಂಯಮ ವಿಮರ್ಶಕರ ಮೆಚ್ಚುಗೆ ಪಡೆಯಿತು.

ಪಂದ್ಯದ ದೃಶ್ಯಗಳಲ್ಲಿ ಅಪಾಯದ ಜಿಗಿತಗಳಿಗೆ ಡ್ಯೂಪ್ ಸವಾರರಿದ್ದರೂ ಟೇಲರ್ ಅವರೂ ಸಾಕಷ್ಟು ಸವಾರಿ ಮಾಡಿದರು. ಚಿತ್ರೀಕರಣದಲ್ಲಿ ಕುದುರೆಯಿಂದ ಬಿದ್ದು ಪೆಟ್ಟಾಯಿತೆಂದೂ, ಜೀವನವಿಡೀ ಕಾಡಿದ ಬೆನ್ನುನೋವಿಗೆ ಅದೇ ಮೂಲವೆಂದೂ ಅವರ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾವು ಕುಳಿತು ಆನಂದಿಸುವ ದೃಶ್ಯಗಳಿಗೆ ಮಕ್ಕಳು ತೆತ್ತ ಬೆಲೆಯ ಬಗ್ಗೆ ಅಂದಿನ ಸ್ಟುಡಿಯೋಗಳು ಹೆಚ್ಚು ಚಿಂತಿಸುತ್ತಿರಲಿಲ್ಲ.

ಕುದುರೆಗಳ ಬಗೆಗಾದರೂ ಸ್ವಲ್ಪ ಎಚ್ಚರ ಅಷ್ಟರಲ್ಲಿ ಮೂಡಿತ್ತು. 1939ರ ‘ಜೆಸ್ಸಿ ಜೇಮ್ಸ್’ ಚಿತ್ರಕ್ಕಾಗಿ ಎತ್ತರದ ಬಂಡೆಯಿಂದ ನೀರಿಗೆ ಕೆಡವಿದ ಕುದುರೆ ಸತ್ತಾಗ ಜನರಲ್ಲಿ ಆಕ್ರೋಶ ಹುಟ್ಟಿತು. ಪರಿಣಾಮವಾಗಿ 1940ರಿಂದ ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ ಎಂಬ ಪ್ರಾಣಿದಯಾ ಸಂಸ್ಥೆ ಚಿತ್ರೀಕರಣಗಳ ಮೇಲೆ ಕಣ್ಣಿಡತೊಡಗಿತು.

ತಾಯಿಯ ಪಾತ್ರ ಮತ್ತು ಆ ನಟಿಯ ಬದುಕು

ಚಿತ್ರವನ್ನು ಮಕ್ಕಳ ಕಥೆಯ ಮಟ್ಟದಿಂದ ಮೇಲೆತ್ತುವುದು ವೆಲ್ವೆಟ್‌ಳ ತಾಯಿಯ ಪಾತ್ರ. ಹೆಚ್ಚು ಮಾತಾಡದ, ಗಟ್ಟಿ ಮನಸ್ಸಿನ ಈ ಗೃಹಿಣಿ ಹರೆಯದಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿದವಳು. ಅಂದು ಬಹುಮಾನವಾಗಿ ಬಂದ ನೂರು ಚಿನ್ನದ ನಾಣ್ಯಗಳನ್ನು ಮುಟ್ಟದೆ ಕಾಪಾಡಿಕೊಂಡು ಬಂದಿದ್ದು, ಮಗಳ ಪಂದ್ಯದ ಪ್ರವೇಶಶುಲ್ಕಕ್ಕೆಂದು ತೆಗೆದುಕೊಡುತ್ತಾಳೆ. ಬದುಕಿನಲ್ಲಿ ಒಮ್ಮೆಯಾದರೂ ದೊಡ್ಡ ಹುಚ್ಚುಸಾಹಸಕ್ಕೆ ಅವಕಾಶವಿರಬೇಕು ಎಂಬುದು ಅವಳ ನಂಬಿಕೆ.

ಕಾದಂಬರಿ ಹೊರಬರುವ ಒಂಬತ್ತು ವರ್ಷ ಮೊದಲು, 1926ರ ಆಗಸ್ಟ್ 6ರಂದು, ಅಮೆರಿಕದ ಗರ್ಟ್ರೂಡ್ ಎಡರ್ಲಿ ಇಂಗ್ಲಿಷ್ ಕಾಲುವೆ ಈಜಿದ ಮೊದಲ ಮಹಿಳೆಯಾಗಿದ್ದರು. ಅಲ್ಲಿಯವರೆಗೆ ಐವರು ಪುರುಷರು ಮಾತ್ರ ಈಜಿದ್ದ ಕಾಲುವೆಯನ್ನು ಅವರೆಲ್ಲರಿಗಿಂತ ಸುಮಾರು ಎರಡು ಗಂಟೆ ಬೇಗ ದಾಟಿದ್ದರು. 1959ರಲ್ಲಿ ನಮ್ಮ ದೇಶದ ಆರತಿ ಸಾಹಾ ಇದೇ ಕಾಲುವೆಯನ್ನು ಈಜಿದ ಏಷ್ಯಾದ ಮೊದಲ ಮಹಿಳೆಯಾದುದನ್ನು ಹಿರಿಯ ಓದುಗರು ಬಲ್ಲರು. ಈಜಿನಲ್ಲಿ ಹೆಣ್ಣಿಗೆ ಅಡ್ಡಿಯಿದ್ದದ್ದು ನೀರು ಮಾತ್ರ. ಕುದುರೆ ಪಂದ್ಯದಲ್ಲಾದರೋ ಅಡ್ಡಿ ನಿಯಮಪುಸ್ತಕದಲ್ಲಿಯೇ ಇತ್ತು.

ಈ ಪಾತ್ರಕ್ಕಾಗಿ ಆನ್ ರಿವಿಯರ್ ಅವರಿಗೆ ಅತ್ಯುತ್ತಮ ಪೋಷಕ ನಟಿ ಆಸ್ಕರ್ ದೊರೆಯಿತು. ಆದರೆ ಅವರ ಮುಂದಿನ ಬದುಕು ಸುಗಮವಾಗಿರಲಿಲ್ಲ. 1951ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ತಮ್ಮ ರಾಜಕೀಯ ಒಲವಿನ ಬಗ್ಗೆ ಉತ್ತರಿಸಲು ನಿರಾಕರಿಸಿದ ಅವರ ಹೆಸರು ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿತು. ಸುಮಾರು 20 ವರ್ಷ ಅವರಿಗೆ ಸಿನಿಮಾದಲ್ಲಿ ಕೆಲಸ ಸಿಗಲಿಲ್ಲ. ರಂಗಭೂಮಿ ಅವರನ್ನು ಕೈಬಿಡಲಿಲ್ಲ. 1960ರಲ್ಲಿ ‘ಟಾಯ್ಸ್ ಇನ್ ದಿ ಆ್ಯಟಿಕ್’ ನಾಟಕದ ಅಭಿನಯಕ್ಕೆ ಟೋನಿ ಪ್ರಶಸ್ತಿ ಬಂದಿತು. ಮಗಳಿಗೆ ಧೈರ್ಯ ತುಂಬುವ ತಾಯಿಯಾಗಿ ತೆರೆಯ ಮೇಲೆ ಕಂಡವರು ನಿಜ ಜೀವನದಲ್ಲಿಯೂ ಬಾಗದೆ ನಿಂತು ಅದರ ಬೆಲೆ ತೆತ್ತರು.

ಉಳಿದ ಪಾತ್ರವರ್ಗವೂ ಕಡಮೆಯದಲ್ಲ. ತಂದೆಯಾಗಿ ಡೊನಾಲ್ಡ್ ಕ್ರಿಸ್ಪ್, ಅಕ್ಕ ಎಡ್ವಿನಾ ಆಗಿ ಆಗಷ್ಟೇ ‘ಗ್ಯಾಸ್‌ಲೈಟ್’ ಚಿತ್ರದಿಂದ ಬೆಳಕಿಗೆ ಬಂದಿದ್ದ 18ರ ಏಂಜೆಲಾ ಲ್ಯಾನ್ಸ್‌ಬರಿ, ಪುಟ್ಟ ತಮ್ಮನಾಗಿ ಜ್ಯಾಕಿ ಜೆಂಕಿನ್ಸ್. ಸೀಸೆಯಲ್ಲಿ ಹುಳುಗಳನ್ನು ತುಂಬಿ ಕೊರಳಿಗೆ ನೇತುಹಾಕಿಕೊಂಡು ತಿರುಗುವ ಈ ಹುಡುಗನನ್ನು ಕಂಡು ನಗದವರಿಲ್ಲ.

ಬಿಡುಗಡೆ ಮತ್ತು ಮನ್ನಣೆ

1944ರ ಡಿಸೆಂಬರ್ 14ರಂದು ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಚಿತ್ರ ಬಿಡುಗಡೆಯಾಯಿತು. ಎರಡೇ ದಿನಗಳ ನಂತರ ಯುರೋಪಿನ ಆರ್ಡೆನ್ಸ್ ಕಾಡಿನಲ್ಲಿ ಜರ್ಮನರ ಕೊನೆಯ ದೊಡ್ಡ ಆಕ್ರಮಣ ಆರಂಭವಾಯಿತು. ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿ ಕಾತರದಿಂದ ದಿನ ದೂಡುತ್ತಿದ್ದ ಕುಟುಂಬಗಳಿಗೆ ಹಳ್ಳಿ, ಮನೆ, ಕುದುರೆಗಳ ಈ ಬಣ್ಣದ ಕಥೆ ತುಸು ನೆಮ್ಮದಿ ನೀಡಿದ್ದರೆ ಆಶ್ಚರ್ಯವಿಲ್ಲ.

ಚಿತ್ರ ಆಸ್ಕರ್ ಸ್ಪರ್ಧೆಗೆ ಪರಿಗಣಿತವಾದದ್ದು 1945ನೆಯ ಸಾಲಿಗೆ. 1946ರ ಮಾರ್ಚ್ 7ರ ಸಮಾರಂಭದಲ್ಲಿ ಐದು ನಾಮನಿರ್ದೇಶನಗಳ ಪೈಕಿ ಎರಡು ಪ್ರಶಸ್ತಿಗಳು ಬಂದವು. ಒಂದು ಆನ್ ರಿವಿಯರ್ ಅವರಿಗೆ, ಇನ್ನೊಂದು ಸಂಕಲನಕಾರ ರಾಬರ್ಟ್ ಕರ್ನ್ ಅವರಿಗೆ. ಪಂದ್ಯದ ದೃಶ್ಯವನ್ನು ಇಂದು ನೋಡಿದರೂ ಎರಡನೆಯ ಪ್ರಶಸ್ತಿಯ ಔಚಿತ್ಯ ತಿಳಿಯುತ್ತದೆ. ಕುದುರೆಗಳ ಗೊರಸು, ಬೇಲಿ, ಜನಸಾಗರ, ಗುಂಪಿನ ನಡುವೆ ಇಣುಕಿ ನೋಡಲು ಪರದಾಡುವ ಮೈ ಟೇಲರ್, ಇವೆಲ್ಲವನ್ನೂ ಜೋಡಿಸಿ ಇಲ್ಲದ ಪಂದ್ಯವೊಂದನ್ನು ಕತ್ತರಿ ಮತ್ತು ಅಂಟಿನಿಂದಲೇ ಕಟ್ಟಿದಂತಿದೆ. 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿಸಿಕೊಂಡಿತು.

ಕಥೆ ಮುಂದುವರಿಯಿತು. 1960ರಿಂದ 1962ರವರೆಗೆ ಇದೇ ಹೆಸರಿನ ಕಿರುತೆರೆ ಧಾರಾವಾಹಿ ಅಮೆರಿಕದಲ್ಲಿ ಪ್ರಸಾರವಾಯಿತು. 1978ರಲ್ಲಿ ‘ಇಂಟರ್‌ನ್ಯಾಷನಲ್ ವೆಲ್ವೆಟ್’ ಎಂಬ ಮುಂದುವರಿದ ಭಾಗ ಬಂದಿತು. ಅದರಲ್ಲಿ ನಡುವಯಸ್ಸಿನ ವೆಲ್ವೆಟ್ ಆಗಿ ನಾನೆಟ್ ನ್ಯೂಮನ್ ನಟಿಸಿದರು. ಮಿಕಿ ರೂನಿ 1979ರ ‘ದಿ ಬ್ಲ್ಯಾಕ್ ಸ್ಟಾಲಿಯನ್’ ಚಿತ್ರದಲ್ಲಿ ಬಾಲಕನೊಬ್ಬನನ್ನು ಪಂದ್ಯಕ್ಕೆ ಸಿದ್ಧಪಡಿಸುವ ಮುದಿ ಜಾಕಿಯಾಗಿ ಬಂದು ಆಸ್ಕರ್ ನಾಮನಿರ್ದೇಶನ ಪಡೆದರು. ಮೂವತ್ತೈದು ವರ್ಷಗಳ ನಂತರ ಅದೇ ಮೈ ಟೇಲರ್ ವಯಸ್ಸಾಗಿ ಮರಳಿ ಬಂದಂತೆ ಪ್ರೇಕ್ಷಕರಿಗೆ ಅನ್ನಿಸಿದ್ದು ಸಹಜ. ಟೇಲರ್ 1960ರ ‘ಬಟರ್‌ಫೀಲ್ಡ್ 8’ ಮತ್ತು 1966ರ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ಚಿತ್ರಗಳಿಗೆ ಆಸ್ಕರ್ ಪಡೆದು, 2011ರ ಮಾರ್ಚ್ 23ರಂದು ತೀರಿಕೊಂಡರು. ರೂನಿ 2014ರಲ್ಲಿ, ಲ್ಯಾನ್ಸ್‌ಬರಿ 2022ರಲ್ಲಿ ನಿಧನರಾದರು.

ನಿಜವಾದ ವೆಲ್ವೆಟ್‌ಗಳು

ಚಿತ್ರ ಬಂದಾಗ ಮಹಿಳೆಯರು ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಕುದುರೆಯ ಒಡತಿಯಾಗಬಹುದಿತ್ತು. 1934ರಲ್ಲಿ ಡೊರೊತಿ ಪ್ಯಾಜೆಟ್ ಅವರ ಗೋಲ್ಡನ್ ಮಿಲ್ಲರ್ ಗೆದ್ದಿತ್ತು. 1938ರ ಬ್ಯಾಟಲ್‌ಶಿಪ್‌ನ ಮಾತು ಮೇಲೆಯೇ ಬಂದಿದೆ. ಆದರೆ ಅದೇ ಕುದುರೆಯ ಬೆನ್ನೇರುವ ಹಕ್ಕು ಒಡತಿಗೆ ಇರಲಿಲ್ಲ. ತರಬೇತುದಾರಳೆಂದು ತನ್ನ ಹೆಸರಿನಲ್ಲಿ ಪರವಾನಗಿ ಪಡೆಯುವ ಹಕ್ಕೂ ಇರಲಿಲ್ಲ. ಫ್ಲಾರೆನ್ಸ್ ನೇಗಲ್ ಎಂಬ ಮಹಿಳೆ ನ್ಯಾಯಾಲಯದ ಮೆಟ್ಟಿಲೇರಿದ ನಂತರವೇ, 1966ರಲ್ಲಿ, ಇಂಗ್ಲೆಂಡಿನ ಜಾಕಿ ಕ್ಲಬ್ ಮಹಿಳೆಯರಿಗೆ ಆ ಪರವಾನಗಿ ಕೊಟ್ಟಿತು. ಅಲ್ಲಿಯವರೆಗೆ ತಾವೇ ಪಳಗಿಸಿದ ಕುದುರೆಗಳನ್ನು ಲಾಯದ ಗಂಡಾಳಿನ ಹೆಸರಿನಲ್ಲಿ ಓಡಿಸಬೇಕಾಗಿತ್ತು. ಪರರ ಹೆಸರಿನಲ್ಲಿ ಅಡಗಿಕೊಂಡು ಗೆಲ್ಲುವುದು ವೆಲ್ವೆಟ್‌ಳೊಬ್ಬಳ ಪಾಡಾಗಿರಲಿಲ್ಲ.

ಅಮೆರಿಕದಲ್ಲಿ 1969ರ ಫೆಬ್ರವರಿಯಲ್ಲಿ ಡಯಾನ್ ಕ್ರಂಪ್ ವೃತ್ತಿಪರ ಪಂದ್ಯದಲ್ಲಿ ಓಡಿಸಿದ ಮೊದಲ ಮಹಿಳೆಯಾದರು. ಇಂಗ್ಲೆಂಡಿನಲ್ಲಿ 1975ರ ಲಿಂಗ ತಾರತಮ್ಯ ನಿಷೇಧ ಕಾಯಿದೆ ದಾರಿ ತೆರೆಯಿತು. ಮುಂದಿನ ಇತಿಹಾಸವನ್ನು ವರ್ಷವಾರು ಹೀಗೆ ಹೇಳಬಹುದು:

1977: ಶಾರ್ಲೆಟ್ ಬ್ರೂ ತಮ್ಮ ಬಾರನಿ ಫೋರ್ಟ್ ಕುದುರೆಯೊಡನೆ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಓಡಿದ ಮೊದಲ ಮಹಿಳೆ. 27ನೆಯ ಬೇಲಿಯಲ್ಲಿ ಕುದುರೆ ಹಾರಲು ಒಪ್ಪಲಿಲ್ಲ.

1982: ಜೆರಾಲ್ಡಿನ್ ರೀಸ್ ಗುರಿ ಮುಟ್ಟಿದ ಮೊದಲ ಮಹಿಳೆ. ಕುದುರೆಯ ಹೆಸರು ಚಿಯರ್ಸ್, ಸ್ಥಾನ ಎಂಟನೆಯದು.

1983: ಜೆನಿ ಪಿಟ್‌ಮನ್ ತರಬೇತಿ ನೀಡಿದ ಕಾರ್ಬಿಯೆರ್ ಗೆದ್ದಿತು. ವಿಜೇತ ಕುದುರೆಯನ್ನು ಪಳಗಿಸಿದ ಮೊದಲ ಮಹಿಳೆಯೆಂಬ ಹಿರಿಮೆ ಅವರದು.

2012: ಕೇಟಿ ವಾಲ್ಶ್ ಸೀಬಾಸ್ ಕುದುರೆಯ ಮೇಲೆ ಮೂರನೆಯ ಸ್ಥಾನ ಪಡೆದರು.

2021: ಏಪ್ರಿಲ್ 10ರಂದು ಐರ್ಲೆಂಡಿನ ರೇಚಲ್ ಬ್ಲ್ಯಾಕ್‌ಮೋರ್ ಮಿನೆಲಾ ಟೈಮ್ಸ್ ಕುದುರೆಯನ್ನೇರಿ ಗ್ರ್ಯಾಂಡ್ ನ್ಯಾಷನಲ್ ಗೆದ್ದರು.

ಕೊರೊನಾ ಕಾಲವಾದುದರಿಂದ ಅಂದು ಏಂಟ್ರಿಯ ಗ್ಯಾಲರಿಗಳು ಬರಿದಾಗಿದ್ದವು. ಚಿತ್ರದಲ್ಲಿ ಸಾವಿರಾರು ಜನರ ನಡುವೆ ಗೆದ್ದ ಹುಡುಗಿಯ ಗೆಲುವು ರದ್ದಾಗಿತ್ತು. ನಿಜದಲ್ಲಿ ಗೆದ್ದವರಿಗೆ ಕೂಗಿ ಹರಸಲು ಜನರಿರಲಿಲ್ಲ, ಆದರೆ ಗೆಲುವು ಅವರ ಹೆಸರಿನಲ್ಲಿಯೇ ದಾಖಲಾಯಿತು. ಕೂದಲು ಕತ್ತರಿಸಬೇಕಾಗಲಿಲ್ಲ, ವೇಷ ಬೇಕಾಗಲಿಲ್ಲ. ಬ್ಲ್ಯಾಕ್‌ಮೋರ್ 2025ರ ಮೇ ತಿಂಗಳಲ್ಲಿ ಪಂದ್ಯಗಳಿಂದ ನಿವೃತ್ತರಾದರು.

ಈ ಗೆಲುವಿನ ಸುದ್ದಿ ಬಂದಾಗ ಜಗತ್ತಿನ ಹಲವು ಪತ್ರಿಕೆಗಳು ವೆಲ್ವೆಟ್‌ಳನ್ನು ನೆನೆದವು. ಈನಿಡ್ ಬ್ಯಾಗ್ನಲ್ಡ್ ಕಾದಂಬರಿ ಬರೆದಾಗ, ಎಂ.ಜಿ.ಎಂ. ಚಿತ್ರ ತೆಗೆದಾಗ, ಇದೊಂದು ಚೆಂದದ ಅಸಂಭವ ಕಲ್ಪನೆಯಾಗಿತ್ತು. ಅಸಂಭವವಾಗಿದ್ದುದು ಹುಡುಗಿಯ ಸಾಮರ್ಥ್ಯದಿಂದಲ್ಲ, ಬರೆದಿಟ್ಟ ನಿಯಮದಿಂದ ಎಂಬುದನ್ನು ಆ ಚಿತ್ರ ಸದ್ದಿಲ್ಲದೆ ತೋರಿಸಿಕೊಟ್ಟಿತ್ತು. ಬೇಸಗೆ ರಜೆಯಲ್ಲಿ ಮಕ್ಕಳೊಡನೆ ಕುಳಿತು ನೋಡಲು ಹಳೆಯ ಇಂಗ್ಲಿಷ್ ಚಿತ್ರವೊಂದನ್ನು ಹುಡುಕುವ ನಮ್ಮ ಓದುಗರು ಇದನ್ನು ಅವಶ್ಯವಾಗಿ ನೋಡಲಿ. ಚಿತ್ರ ಮುಗಿದ ಮೇಲೆ 2021ರ ಪಂದ್ಯದ ಕಥೆಯನ್ನೂ ಮಕ್ಕಳಿಗೆ ತಪ್ಪದೆ ಹೇಳಲಿ ಎಂಬುದು ನಮ್ಮ ಆಶಯ.